ಲಕ್ಷಣ ಕಾಣುವವರೆಗೆ ಕಾಯುವ ಚಿಕಿತ್ಸೆ ಸಾಲದು: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ,
ಹಾಗೂ
ಯೋಜನಾ ನಿರ್ದೇಶಕರು, ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ, ಬೆಂಗಳೂರು.

ವಿಷಯ: ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಲೈಂಗಿಕ ಸೋಂಕುಗಳನ್ನು ತಡೆಯಲು ಸುರಕ್ಷಾ ಕ್ಲಿನಿಕ್‌ಗಳ (ಸರ್ಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕಿಗೆ ಚಿಕಿತ್ಸೆ ಕೊಡುವ ಕೇಂದ್ರಗಳ) ಕೆಲಸದ ರೀತಿಯನ್ನು ಬದಲಿಸುವ ಬಗ್ಗೆ.

ಮಾನ್ಯರೇ,

ಉತ್ತರ ಕರ್ನಾಟಕದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಆಪ್ತ ಸಮಾಲೋಚಕಿಯಾಗಿ ಬಹುಕಾಲ ದುಡಿದು, ಈಗ ಆ ಹುದ್ದೆಯಲ್ಲಿಲ್ಲದ ಕಾರಣಕ್ಕೆ ಸ್ವಲ್ಪ ಬಿಡುಬೀಸಾಗಿ ಮಾತಾಡಬಲ್ಲ ಒಬ್ಬ ಮಹಿಳೆ ಈ ಪತ್ರ ಬರೆಯುತ್ತಿದ್ದೇನೆ. ಜಿಲ್ಲಾ ಮಟ್ಟದ ಪರಿಶೀಲನಾ ಸಭೆಗಳಲ್ಲಿ ಹಿಜ್ರಾ, ಜೋಗಪ್ಪ, ಮಂಗಳಮುಖಿ ಸಮುದಾಯಗಳ ವಿಚಾರ ಬಂದಾಗಲೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ತಿಂಗಳು ಎಷ್ಟು ಜನರಿಗೆ ಎಚ್‌ಐವಿ ಪರೀಕ್ಷೆ ಆಯಿತು, ಅದರಲ್ಲಿ ಎಷ್ಟು ಪಾಸಿಟಿವ್? ಉತ್ತರ ಕೊಟ್ಟರೆ ಸಭೆ ಮುಂದಿನ ವಿಷಯಕ್ಕೆ ಹೋಗುತ್ತಿತ್ತು. ಸಿಫಿಲಿಸ್ ಎಷ್ಟು, ಅದರಲ್ಲಿ ಇಂಜೆಕ್ಷನ್ ಪೂರ್ತಿ ಪಡೆದವರು ಎಷ್ಟು, ಗನೋರಿಯಾಕ್ಕೆ ಗಂಟಲಿನ ಮಾದರಿ ತೆಗೆದದ್ದು ಉಂಟೇ ಎಂದು ಕೇಳಿದ್ದನ್ನು ನಾನು ಕಂಡಿಲ್ಲ.

ಎಚ್‌ಐವಿಯ ಮೇಲಿನ ಈ ಗಮನಕ್ಕೆ ಕಾರಣವಿದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ, ಅಂದರೆ ನ್ಯಾಕೋದ, 2021ರ ಸಮೀಕ್ಷೆಯಲ್ಲಿ ಹಿಜ್ರಾ ಮತ್ತು ಟ್ರಾನ್ಸ್‌ಜೆಂಡರ್ ಮಹಿಳೆಯರಲ್ಲಿ ಎಚ್‌ಐವಿ ಶೇ. 3.78ರಷ್ಟಿತ್ತು, ಅದೇ ವರ್ಷ ದೇಶದ ಒಟ್ಟು ವಯಸ್ಕರಲ್ಲಿ ಅದರ ಅಂದಾಜು ಶೇ. 0.21. ಇಷ್ಟು ಅಂತರವಿರುವಾಗ ಯಾವ ಅಧಿಕಾರಿಯೂ ಎಚ್‌ಐವಿ ಕಾಲಂ ಬಿಟ್ಟು ಬೇರೆ ನೋಡಲಾರರು. ಆದರೆ ಸಿಫಿಲಿಸ್, ಗನೋರಿಯಾ, ಕ್ಲಮೀಡಿಯಾ, ಹರ್ಪಿಸ್‌ಗಳನ್ನು ಆ ಕಾಲಮ್ಮಿನ ಬದಿಯ ಚಿಲ್ಲರೆ ಲೆಕ್ಕವೆಂದು ಬಗೆಯುವುದು ತಪ್ಪು. ಗುದದ್ವಾರದಲ್ಲೋ ಜನನಾಂಗದಲ್ಲೋ ಹುಣ್ಣಾಗಿದ್ದರೆ ಎಚ್‌ಐವಿ ಒಳಹೊಗುವ ದಾರಿ ತೆರೆದಂತೆಯೇ. ಉರಿಯೂತವಿರುವ ಕಡೆ ಆ ವೈರಸ್ ಹಿಡಿದುಕೊಳ್ಳುವ ಜೀವಕೋಶಗಳೇ ಗುಂಪುಗೂಡಿರುತ್ತವೆ. ಎಚ್‌ಐವಿ ತಡೆಯಬೇಕೆಂದಿದ್ದರೂ ಈ ಉಳಿದ ಸೋಂಕುಗಳನ್ನು ಮೊದಲೇ ಹಿಡಿಯಬೇಕು. ಅಲ್ಲದೆ ಅವು ತಮ್ಮಷ್ಟಕ್ಕೆ ತಾವೇ ಮನುಷ್ಯರನ್ನು ಕಾಡುವ ರೋಗಗಳು.

ನಮ್ಮ ವ್ಯವಸ್ಥೆ ಇವನ್ನು ಹಿಡಿಯುವ ಬಗೆ ಹೇಗಿದೆ ನೋಡಿ. ಸುರಕ್ಷಾ ಕ್ಲಿನಿಕ್‌ಗಳಲ್ಲಿ ನಡೆಯುವುದು ಲಕ್ಷಣ ನೋಡಿ ಔಷಧಿ ಕೊಡುವ ಪದ್ಧತಿ. ಮೂತ್ರನಾಳದಿಂದಲೋ ಗುದದ್ವಾರದಿಂದಲೋ ಕೀವು ಬಂದರೆ ಬೂದು ಬಣ್ಣದ ಕಿಟ್ 1, ನೋವಿಲ್ಲದ ಹುಣ್ಣಾದರೆ ಬಿಳಿ ಕಿಟ್ 3, ನೀರ್ಗುಳ್ಳೆ ಒಡೆದ ಹುಣ್ಣಾದರೆ ಕೆಂಪು ಕಿಟ್ 5, ತೊಡೆಸಂದಿಯಲ್ಲಿ ಗಡ್ಡೆಯಾದರೆ ಕಪ್ಪು ಕಿಟ್ 7. ಲ್ಯಾಬ್ ಇಲ್ಲದ ಊರಿನಲ್ಲಿ, ರೋಗಿ ಮತ್ತೆ ಬರುವ ಭರವಸೆ ಇಲ್ಲದಲ್ಲಿ, ಅದೇ ದಿನ ಚಿಕಿತ್ಸೆ ಕೊಟ್ಟು ಕಳಿಸಲು ರೂಪಿಸಿದ ಈ ಪದ್ಧತಿಯಿಂದ ಲಕ್ಷಾಂತರ ಜನರಿಗೆ ಉಪಕಾರವಾಗಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದು ದೇಹದ ಹೊರಗೆ ಕಾಣುವ ರೋಗಕ್ಕೆ ಮಾಡಿದ್ದು. ಗುದನಾಳದಲ್ಲೂ ಗಂಟಲಿನಲ್ಲೂ ನೆಲೆಸುವ ಗನೋರಿಯಾ ಮತ್ತು ಕ್ಲಮೀಡಿಯಾಗಳು ಬಹುಪಾಲು ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಮೂತ್ರ ಪರೀಕ್ಷೆ ಮಾಡಿದರೂ ಅವು ಸಿಗವು, ಏಕೆಂದರೆ ಸೋಂಕು ಇರುವುದೇ ಬೇರೆ ಕಡೆ. ಸಿಫಿಲಿಸ್‌ನ ಮೊದಲ ಹುಣ್ಣು ಗುದದೊಳಗಾದರೆ ಅದಕ್ಕೆ ನೋವಿರುವುದಿಲ್ಲ, ರೋಗಿಗೆ ಅದು ಕಾಣುವುದೂ ಇಲ್ಲ, ಕೆಲವು ವಾರಗಳಲ್ಲಿ ತಾನೇ ಮಾಯುತ್ತದೆ. ಆಮೇಲೆ ಅಂಗೈ ಅಂಗಾಲುಗಳಲ್ಲಿ ಕಲೆ ಮೂಡಿದಾಗ ಮೆಡಿಕಲ್ ಶಾಪಿನವನು ಅಲರ್ಜಿಯ ಮಾತ್ರೆ ಕೊಟ್ಟು ಕಳಿಸುತ್ತಾನೆ. ಲಕ್ಷಣಕ್ಕಾಗಿ ಕಾದು ಕುಳಿತ ಕ್ಲಿನಿಕ್ಕಿಗೆ ಈ ವ್ಯಕ್ತಿ ರೋಗಿಯೇ ಅಲ್ಲ.

ನಿಮ್ಮ ಇಲಾಖೆಯ ಟಿಐ ಯೋಜನೆಯಲ್ಲಿ, ಅಂದರೆ ಸ್ವಯಂಸೇವಾ ಸಂಸ್ಥೆಗಳ ಮೂಲಕ ಈ ಸಮುದಾಯಗಳನ್ನು ತಲುಪುವ ಕಾರ್ಯಕ್ರಮದಲ್ಲಿ, ಮೂರು ತಿಂಗಳಿಗೊಮ್ಮೆ ವೈದ್ಯಕೀಯ ತಪಾಸಣೆ, ಆರು ತಿಂಗಳಿಗೊಮ್ಮೆ ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆ ಎಂಬ ನಿಯಮ ಇದ್ದೇ ಇದೆ ಎಂದು ನೀವು ಹೇಳಬಹುದು. ಇದೆ. ತಪಾಸಣೆಯಲ್ಲಿ ಪ್ರಾಕ್ಟೋಸ್ಕೋಪ್ ಹಾಕಿ ಗುದದ್ವಾರ ನೋಡಬೇಕೆಂಬುದೂ ಇದೆ. ಆ ಉಪಕರಣವನ್ನು ನಾನು ಕಂಡದ್ದು ಬೀರುವಿನಲ್ಲಿ, ಪ್ಲಾಸ್ಟಿಕ್ ಕವರ್ ಬಿಚ್ಚದ ಸ್ಥಿತಿಯಲ್ಲಿ. ತಪಾಸಣೆ ನಡೆದ ಬಗೆಯನ್ನೂ ಹೇಳಬೇಕು: ಮೇಜಿನ ಆಚೆ ವೈದ್ಯರು, ಬಾಗಿಲ ಹತ್ತಿರ ರೋಗಿ, ನಡುವೆ ನಾನು. ಸೀರೆಯ ಸೆರಗನ್ನು ತಲೆಮೇಲೆ ಹೊದ್ದು ನಿಂತಿದ್ದ ಆ ಜೋಗಪ್ಪನಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. "ಪರದೆ ಎಳೆಯುವುದು ಬೇಡ, ಬರೆದು ಕೊಡುತ್ತೇನೆ" ಎಂದು ವೈದ್ಯರು ಕಿಟ್ಟಿನ ಸಂಖ್ಯೆ ಬರೆದರು. ಮುಟ್ಟಲಿಲ್ಲ, ಏನಾಗಿದೆ ಎಂದೂ ಪೂರ್ತಿ ಕೇಳಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕುಳಿತ ಮೇಲೆ ಆಕೆ ಹೇಳಿದ್ದು ಇಷ್ಟೇ: "ಅಕ್ಕಾ, ಅವರು ಗುಳಿಗಿ ಕೊಟ್ರು ಖರೇ, ನನ್ನ ಮಾರಿ ಸೈತ ನೋಡಲಿಲ್ರೀ." ರಿಜಿಸ್ಟರಿನಲ್ಲಿ ಆ ದಿನ ಒಂದು ತಪಾಸಣೆ ಆಗಿದೆ ಎಂದೇ ಬರೆಯಲಾಯಿತು.

ಇನ್ನು ಸಿಫಿಲಿಸ್ ಎಂದು ಗೊತ್ತಾದ ಮೇಲಿನ ಕಥೆ. ಅದಕ್ಕೆ ಇಂದಿಗೂ ಮೊದಲ ಔಷಧಿ ಬೆಂಜಥೀನ್ ಪೆನ್ಸಿಲಿನ್, 24 ಲಕ್ಷ ಯೂನಿಟ್, ಪೃಷ್ಠಕ್ಕೆ ಹಾಕುವ ಇಂಜೆಕ್ಷನ್. ಹೊಸ ಸೋಂಕಾದರೆ ಒಂದೇ ಸಲ ಸಾಕು. ಹಳೆಯದಾದರೆ ಅಥವಾ ಎಷ್ಟು ಹಳೆಯದೆಂದು ತಿಳಿಯದಿದ್ದರೆ ವಾರಕ್ಕೊಂದರಂತೆ ಮೂರು. ಅಗ್ಗದ ಔಷಧಿ, ಸಿಫಿಲಿಸ್ ಕ್ರಿಮಿ ಇದಕ್ಕೆ ಇನ್ನೂ ಜಗ್ಗುತ್ತದೆ. ಆದರೆ ಪೆನ್ಸಿಲಿನ್ ಎಂದರೆ ರಿಯಾಕ್ಷನ್ ಆದೀತೆಂಬ ಹೆದರಿಕೆ ನಮ್ಮ ಆಸ್ಪತ್ರೆಗಳಲ್ಲಿ ಬೇರುಬಿಟ್ಟಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದವರು ತಾಲ್ಲೂಕು ಆಸ್ಪತ್ರೆಗೆ, ತಾಲ್ಲೂಕಿನವರು ಜಿಲ್ಲೆಗೆ ಕಳಿಸುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಇಂಜೆಕ್ಷನ್ ರೂಮಿನ ಮುಂದೆ ಗಂಡಸರ ಸಾಲು ಒಂದು, ಹೆಂಗಸರ ಸಾಲು ಒಂದು. ಯಾವ ಸಾಲಿನಲ್ಲಿ ನಿಂತರೂ ಮಾತು ಕೇಳಬೇಕಾದವರು ಮೂರನೆಯ ವಾರಕ್ಕೆ ಬರದೇ ಹೋದರೆ ಅವರನ್ನು 'ಚಿಕಿತ್ಸೆ ಬಿಟ್ಟವರು' ಎಂದು ಬರೆಯುವುದು ನ್ಯಾಯವಲ್ಲ. ರಿಯಾಕ್ಷನ್ ಆದರೆ ನಿಭಾಯಿಸಲು ಬೇಕಾದ ಅಡ್ರಿನಲಿನ್ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇರಲೇಬೇಕಾದ ಔಷಧಿ. ಅದನ್ನು ಇಟ್ಟುಕೊಂಡು ಇಂಜೆಕ್ಷನ್ ಕೊಡಿ, ಅರ್ಧ ಗಂಟೆ ಕೂರಿಸಿಕೊಳ್ಳಿ ಎಂದು ಸ್ಪಷ್ಟವಾದ ಒಂದು ಸುತ್ತೋಲೆ ಹೊರಟರೆ ಈ ತಳ್ಳಾಟ ಬಹುಮಟ್ಟಿಗೆ ನಿಲ್ಲುತ್ತದೆ.

ಅದರ ಜೊತೆಗೆ ದಾಖಲೆಯ ಸಮಸ್ಯೆಯೊಂದಿದೆ. ಒಮ್ಮೆ ಸಿಫಿಲಿಸ್ ಆದವರಲ್ಲಿ ಟಿಪಿಎಚ್‌ಎ ಪರೀಕ್ಷೆ, ಚಿಕಿತ್ಸೆಯ ನಂತರವೂ, ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಬರುತ್ತದೆ. ಚಿಕಿತ್ಸೆ ಫಲಿಸಿತೇ, ಮತ್ತೆ ಸೋಂಕಾಯಿತೇ ಎಂದು ತಿಳಿಯಲು ಆರ್‌ಪಿಆರ್ ಎಂಬ ಇನ್ನೊಂದು ರಕ್ತ ಪರೀಕ್ಷೆಯ ಟೈಟರ್ (ರಕ್ತದಲ್ಲಿನ ಪ್ರತಿಕಾಯದ ಮಟ್ಟ) ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು ಎಂಬ ಹಳೆಯ ಲೆಕ್ಕ ಬೇಕು. ಗುರುವಿನ ಮನೆಯಿಂದ ಗುರುವಿನ ಮನೆಗೆ, ಬೆಳಗಾವಿಯಿಂದ ಪುಣೆಗೆ, ಮುಂಬಯಿಗೆ, ಮತ್ತೆ ಬೆಂಗಳೂರಿಗೆ ಹೋಗಿಬರುವ ಚೇಲಾಗಳ, ಅಂದರೆ ಹಿಜ್ರಾ ಗುರುಗಳ ಶಿಷ್ಯರ, ಕೈಯಲ್ಲಿ ಆ ಲೆಕ್ಕ ಇರುವುದಿಲ್ಲ. ಹೋದ ಊರಲ್ಲೆಲ್ಲ ಹೊಸ ರೋಗಿ, ಹೊಸ ಇಂಜೆಕ್ಷನ್, ಇಲ್ಲವೇ ಏನೂ ಇಲ್ಲ. ರೋಗದ ಹೆಸರಿಲ್ಲದ, ದಿನಾಂಕ, ಟೈಟರ್ ಮತ್ತು ಕೊಟ್ಟ ಔಷಧಿಯ ಗುರುತು ಮಾತ್ರ ಇರುವ ಒಂದು ಸಣ್ಣ ಕಾರ್ಡ್ ಅವರ ಪರ್ಸಿನಲ್ಲಿದ್ದರೆ ಎಷ್ಟೋ ಅನುಕೂಲ. ಮಕ್ಕಳ ಲಸಿಕೆಗೆ ಮಾಡುವುದನ್ನು ಇವರಿಗೂ ಮಾಡಿ ಎನ್ನುತ್ತಿದ್ದೇನೆ, ಅಷ್ಟೇ.

ಗುದದ್ವಾರ, ಗಂಟಲು, ಮೂತ್ರನಾಳ, ಈ ಮೂರೂ ಕಡೆಯ ಮಾದರಿ ತೆಗೆದು ಪರೀಕ್ಷಿಸುವುದು ದುಬಾರಿ ಎಂಬ ಆಕ್ಷೇಪ ಬರುವುದು ಸಹಜ. ಕ್ಷಯರೋಗ ಪತ್ತೆಗೆಂದು ಜಿಲ್ಲೆಗಳಲ್ಲಿ ಸಿಬಿನ್ಯಾಟ್ ಯಂತ್ರಗಳಿವೆ. ಅದೇ ಯಂತ್ರದಲ್ಲಿ ಗನೋರಿಯಾ ಮತ್ತು ಕ್ಲಮೀಡಿಯಾ ಎರಡನ್ನೂ ಒಟ್ಟಿಗೆ ಹಿಡಿಯುವ ಕಾರ್ಟ್ರಿಜ್ ಬರುತ್ತದೆ. ಯಂತ್ರ ಹೊಸದಾಗಿ ಕೊಳ್ಳಬೇಕಿಲ್ಲ. ಕಾರ್ಟ್ರಿಜ್‌ಗೆ ಹಣ ಬೇಕು, ನಿಜ. ಹಾಗಾಗಿ ಎಲ್ಲ ಜಿಲ್ಲೆಗಳಲ್ಲೂ ಒಮ್ಮೆಲೇ ಬೇಡ. ಬೆಂಗಳೂರು, ಬೆಳಗಾವಿ, ಬಳ್ಳಾರಿಯಂಥ ಕೆಲವು ಕಡೆ ಒಂದು ವರ್ಷ ನಡೆಸಿ, ಲಕ್ಷಣವಿಲ್ಲದವರಲ್ಲಿ ಎಷ್ಟು ಸೋಂಕು ಸಿಕ್ಕಿತೆಂದು ಸರ್ಕಾರವೇ ಕಣ್ಣಾರೆ ನೋಡಲಿ. ಗನೋರಿಯಾ ಒಂದೊಂದೇ ಔಷಧಿಗೆ ಬಗ್ಗದೆ ಹೋಗುತ್ತಿರುವ ಈ ಕಾಲದಲ್ಲಿ ಪರೀಕ್ಷೆಯಿಲ್ಲದೆ ಮಾತ್ರೆ ಹಂಚುತ್ತ ಹೋಗುವುದರ ಬೆಲೆಯನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ದೇಹದ ಬಗ್ಗೆ ಇನ್ನೊಂದು ಮಾತು. ಸಮುದಾಯದಲ್ಲಿ ನಿರ್ವಾಣ ಎನ್ನುವ, ಪುರುಷ ಜನನಾಂಗವನ್ನು ತೆಗೆಸುವ ಶಸ್ತ್ರಚಿಕಿತ್ಸೆಯನ್ನು ಅರೆಬರೆ ಕಲಿತವರ ಕೈಯಲ್ಲಿ ಮಾಡಿಸಿಕೊಂಡವರಲ್ಲಿ ಮೂತ್ರದ್ವಾರ ಕಿರಿದಾಗಿ ಮತ್ತೆ ಮತ್ತೆ ಉರಿಮೂತ್ರ ಬರುವುದುಂಟು. ಅದನ್ನು ಗನೋರಿಯಾ ಎಂದು ತಿಳಿದು ಕಿಟ್ ಮೇಲೆ ಕಿಟ್ ಕೊಡುತ್ತಾರೆ. ಹಾಗೆಯೇ ನಿಜವಾದ ಸೋಂಕನ್ನು ಆಪರೇಷನ್ನಿನ ತೊಂದರೆ ಎಂದು ತಳ್ಳಿಹಾಕುವುದೂ ಉಂಟು. ಯೋನಿ ರಚನೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೂ ಹರ್ಪಿಸ್, ನರುಲಿ, ಸಿಫಿಲಿಸ್ ಹುಣ್ಣು ಆಗಬಲ್ಲವು. ಟ್ರಾನ್ಸ್ ಪುರುಷರ ಸ್ಥಿತಿಯಂತೂ ಇನ್ನೂ ವಿಚಿತ್ರ: ಟಿಐ ಯೋಜನೆಯ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ. ಟೆಸ್ಟೋಸ್ಟಿರೋನ್ ತೆಗೆದುಕೊಳ್ಳುವವರಲ್ಲಿ ಯೋನಿಯ ಒಳಪದರ ತೆಳುವಾಗಿ ಒಣಗುವುದರಿಂದ ಸಂಭೋಗದಲ್ಲಿ ಬೇಗ ಗಾಯವಾಗುತ್ತದೆ. ಮುಟ್ಟು ನಿಂತಿದ್ದರೂ ಗರ್ಭ ನಿಲ್ಲಬಹುದು. ಗಡ್ಡವಿರುವ ವ್ಯಕ್ತಿ ಸ್ತ್ರೀರೋಗ ವಿಭಾಗದ ಬಾಗಿಲಲ್ಲಿ ಗರ್ಭಕಂಠದ ಪರೀಕ್ಷೆಗೆಂದು ನಿಂತರೆ ಕಾವಲುಗಾರನೇ ಹಿಂದಕ್ಕೆ ಕಳಿಸುತ್ತಾನೆ. ಸುರಕ್ಷಾ ಕ್ಲಿನಿಕ್‌ನ ವೈದ್ಯರಿಗೂ ನರ್ಸ್‌ಗಳಿಗೂ ಕೊಡುವ ತರಬೇತಿಯಲ್ಲಿ ಇದಕ್ಕೆಲ್ಲ ಒಂದು ದಿನವಾದರೂ ಬೇಕು, ಮತ್ತು ಆ ದಿನ ಪಾಠ ಹೇಳುವವರಲ್ಲಿ ಸಮುದಾಯದವರು ಇರಬೇಕು.

ಸಮಯದ ವಿಚಾರ ಚಿಕ್ಕದೆನ್ನಿಸಿದರೂ ಹೇಳುತ್ತೇನೆ. ಒಪಿಡಿ ಬೆಳಿಗ್ಗೆ ತೆರೆದು ಮಧ್ಯಾಹ್ನಕ್ಕೆ ಖಾಲಿಯಾಗುತ್ತದೆ. ಆ ಹೊತ್ತಿನಲ್ಲಿ ಅಂಗಡಿ ಕೇರಿಗಳಲ್ಲಿ ಭಿಕ್ಷೆಗೆ ಹೋಗುವವರು ಬೀದಿಯಲ್ಲಿರುತ್ತಾರೆ, ರಾತ್ರಿ ಲೈಂಗಿಕ ವೃತ್ತಿ ಮಾಡಿದವರು ಮಲಗಿರುತ್ತಾರೆ. ವಾರಕ್ಕೆ ಎರಡು ದಿನ ಸಂಜೆ ನಾಲ್ಕರಿಂದ ಎಂಟರವರೆಗೆ ಕ್ಲಿನಿಕ್ ತೆರೆದಿಟ್ಟರೆ ಅರ್ಧ ಕೆಲಸ ಆದಂತೆ. ಬೆಂಗಳೂರಿನ ಹಮಾಮ್‌ಗಳಿಗೆ (ಸಮುದಾಯದವರು ಗುರುವಿನ ಜೊತೆ ವಾಸಿಸುವ ಸ್ನಾನಗೃಹಗಳಿಗೆ) ಗುರುಗಳ ಒಪ್ಪಿಗೆ ಪಡೆದು ರಕ್ತ ಪರೀಕ್ಷೆಯ ತಂಡ ಹೋಗಬಹುದು. ಗುರು ಮೊದಲು ಕೈ ಚಾಚಿದರೆ ಚೇಲಾಗಳು ತಾವಾಗಿ ಸಾಲು ನಿಲ್ಲುತ್ತಾರೆ. ಜೋಗಪ್ಪಗಳನ್ನು ತಲುಪುವುದು ಬೇರೆಯೇ ಬಗೆಯ ಕೆಲಸ, ಏಕೆಂದರೆ ಕೊಡ ಹೊತ್ತು ಊರೂರು ತಿರುಗುವ, ತಮ್ಮನ್ನು ಎಲ್ಲಮ್ಮನ ಸೇವಕರೆಂದೇ ತಿಳಿಯುವ ಅವರಲ್ಲಿ ಅನೇಕರು ಹಾಟ್‌ಸ್ಪಾಟ್ ಪಟ್ಟಿಯಲ್ಲಿ, ಅಂದರೆ ಲೈಂಗಿಕ ವೃತ್ತಿಯ ತಾಣಗಳ ಪಟ್ಟಿಯಲ್ಲಿ, ಸಿಗುವವರಲ್ಲ. ಸವದತ್ತಿಯ ಗುಡ್ಡಕ್ಕೆ ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ, ಕೊಪ್ಪಳ ಜಿಲ್ಲೆಯ ಹುಲಿಗಿ ಜಾತ್ರೆಗೂ ಅವರು ತಪ್ಪದೆ ಬರುತ್ತಾರೆ. ಅಲ್ಲಿ ಇಲಾಖೆ ಸ್ಟಾಲ್ ಹಾಕಿ, 'ಏಡ್ಸ್ ಮಾರಿ' ಎಂದು ಬ್ಯಾನರ್ ಕಟ್ಟಿ, ಮೈಕಿನಲ್ಲಿ ಕೂಗಿಸಿದರೆ ಒಬ್ಬರೂ ಹತ್ತಿರ ಸುಳಿಯುವುದಿಲ್ಲ, ಸುಳಿದವರ ಕಡೆ ಇಡೀ ಜಾತ್ರೆ ಬೆರಳು ತೋರಿಸುತ್ತದೆ. ಬಿಪಿ, ಸಕ್ಕರೆ, ಕಾಲುನೋವು ಎಲ್ಲಕ್ಕೂ ನೋಡುವ ಸಾಮಾನ್ಯ ಆರೋಗ್ಯ ಶಿಬಿರ ನಡೆಸಿ, ಒಳಗಿನ ಕೋಣೆಯಲ್ಲಿ ಈ ಪರೀಕ್ಷೆಯೂ ಇರಲಿ. ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸನ್ನು ಅಲ್ಲಿಯೇ ಕೊಡಬಹುದು. ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಹೆಮ್ಮೆಪಟ್ಟ ರಾಜ್ಯ ನಮ್ಮದು. ಆ ಪರಂಪರೆಯವರ ಆರೋಗ್ಯಕ್ಕೆ ಜಾತ್ರೆಯಲ್ಲಿ ಒಂದು ಕೋಣೆ ಕೇಳುವುದು ಹೆಚ್ಚಲ್ಲವೆಂದುಕೊಂಡಿದ್ದೇನೆ.

ಕಾಂಡೋಮ್ ವಿತರಣೆಯ ಲೆಕ್ಕ ಪ್ರತಿ ತಿಂಗಳೂ ಬರುತ್ತದೆ, ಆದರೆ ಲೂಬ್ರಿಕೆಂಟ್ ಪೊಟ್ಟಣದ ದಾಸ್ತಾನು ಮುಗಿದರೆ ತಿಂಗಳುಗಟ್ಟಲೆ ಬರುವುದಿಲ್ಲ. ಆಗ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್. ಎಣ್ಣೆ ತಾಗಿದ ಲೇಟೆಕ್ಸ್ ಕಾಂಡೋಮ್ ನಿಮಿಷಗಳಲ್ಲಿ ದುರ್ಬಲವಾಗಿ ಹರಿಯುತ್ತದೆ. ಗುದಸಂಭೋಗಕ್ಕೆ ನೀರಿನ ಆಧಾರದ ಲೂಬ್ರಿಕೆಂಟ್ ಇಲ್ಲದೆ ಬರಿಯ ಕಾಂಡೋಮ್ ಕೊಡುವುದು ಅರ್ಧ ರಕ್ಷಣೆ. ಇನ್ನು ಪರ್ಸಿನಲ್ಲಿ ನಾಲ್ಕು ಕಾಂಡೋಮ್ ಸಿಕ್ಕಿತೆಂದು ಬೀಟ್ ಪೊಲೀಸರು ಠಾಣೆಗೆ ಕರೆದೊಯ್ಯುವ ಅಭ್ಯಾಸ ಇನ್ನೂ ಪೂರ್ತಿ ನಿಂತಿಲ್ಲ. ಲೈಂಗಿಕ ಕಾರ್ಯಕರ್ತರು ತಮ್ಮ ಆರೋಗ್ಯಕ್ಕಾಗಿ ಬಳಸುವ ಕಾಂಡೋಮನ್ನು ಅಪರಾಧದ ಸಾಕ್ಷ್ಯವೆಂದು ನೋಡಬಾರದೆಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ನಿರ್ದೇಶಿಸಿದೆ. ಒಂದು ಇಲಾಖೆ ಹಂಚಿದ್ದನ್ನು ಇನ್ನೊಂದು ಇಲಾಖೆ ವಶಪಡಿಸಿಕೊಳ್ಳುವ ಈ ವಿಪರ್ಯಾಸವನ್ನು ಗೃಹ ಸಚಿವರ ಜೊತೆ ಮಾತಾಡಿ ನಿಲ್ಲಿಸುವುದು ನಿಮ್ಮಿಂದಲೇ ಆಗಬೇಕು.

ಎಚ್‌ಐವಿ ಬಾರದಂತೆ ಮುಂಚಿತವಾಗಿ ತೆಗೆದುಕೊಳ್ಳುವ ಪ್ರೆಪ್ ಮಾತ್ರೆಯ ಬಗ್ಗೆ ನ್ಯಾಕೋ 2022ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಕೊಳ್ಳಬಲ್ಲವರು ಬೆಂಗಳೂರಿನ ಖಾಸಗಿ ಕ್ಲಿನಿಕ್ಕುಗಳಲ್ಲಿ ಕೊಳ್ಳುತ್ತಿದ್ದಾರೆ. ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ನಿಲ್ಲುವವರಿಗೆ ಅದರ ಹೆಸರೂ ಗೊತ್ತಿಲ್ಲ. ಹಾರ್ಮೋನ್ ತೆಗೆದುಕೊಳ್ಳುವವರಿಗೆ ಈ ಮಾತ್ರೆಯಿಂದ ಹಾರ್ಮೋನಿನ ಪರಿಣಾಮ ತಗ್ಗೀತೆಂಬ ಭಯ ದೊಡ್ಡದು. ಈಸ್ಟ್ರೋಜನ್ ಮಟ್ಟವನ್ನು ಪ್ರೆಪ್ ಇಳಿಸುವುದಿಲ್ಲವೆಂದು ಅವರಿಗೆ ಅವರ ಭಾಷೆಯಲ್ಲಿ ತಿಳಿಸುವವರು ಬೇಕು. ಅತ್ಯಾಚಾರಕ್ಕೊಳಗಾದಾಗ ಎಚ್‌ಐವಿ ತಗಲದಂತೆ 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗುವ ಮಾತ್ರೆಗಳೂ ಇವೆ; ಠಾಣೆಯಲ್ಲಿ ದೂರು ದಾಖಲಾಗಲಿ ಬಿಡಲಿ, ಕ್ಯಾಶುವಾಲ್ಟಿಯಲ್ಲಿ ಅವು ಸಿಗಬೇಕು. ಪ್ರೆಪ್ ಮಿಕ್ಕ ಸೋಂಕುಗಳನ್ನು ತಡೆಯುವುದಿಲ್ಲವಾದ್ದರಿಂದ, ಅದನ್ನು ಕೊಡುವ ದಿನವೇ ಮೂರು ಕಡೆಯ ಪರೀಕ್ಷೆಯನ್ನೂ ಸೇರಿಸಿದರೆ ಒಂದೇ ಭೇಟಿಯಲ್ಲಿ ಎರಡೂ ಆಗುತ್ತದೆ.

ಕಾನೂನಿನ ಬೆಂಬಲ ನಿಮಗಿದೆ. ಸುಪ್ರೀಂ ಕೋರ್ಟಿನ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪು ಈ ಸಮುದಾಯಕ್ಕೆ ಪ್ರತ್ಯೇಕ ಎಚ್‌ಐವಿ ಸೀರೋ ಸರ್ವೇಕ್ಷಣಾ ಕೇಂದ್ರಗಳನ್ನು (ರಕ್ತ ಪರೀಕ್ಷೆಯಿಂದ ಸೋಂಕಿನ ಪ್ರಮಾಣ ತಿಳಿಯುವ ಕೇಂದ್ರಗಳನ್ನು) ತೆರೆಯಬೇಕೆಂದೂ ಆಸ್ಪತ್ರೆಗಳಲ್ಲಿ ವೈದ್ಯಕೀಯ ನೆರವು ಕೊಡಬೇಕೆಂದೂ ಹೇಳಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯಿದೆಯ 15ನೇ ಕಲಮು ಅದನ್ನೇ ಸರ್ಕಾರಗಳ ಹೊಣೆ ಮಾಡಿತು. ಇಲ್ಲಿಯೂ ಎಚ್‌ಐವಿಯೇ ಮೊದಲ ಸಾಲಿನಲ್ಲಿ ಕೂತಿದೆ ಎಂಬುದನ್ನು ಗಮನಿಸದೆ ಇರಲಾಗುವುದಿಲ್ಲ. ನಮ್ಮ ರಾಜ್ಯವೇ 2017ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ನೀತಿಯನ್ನು ಒಪ್ಪಿಕೊಂಡಿದೆ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ. 20 ಅಥವಾ ಹೆಚ್ಚು ಸಿಬ್ಬಂದಿಯಿರುವ ಆಸ್ಪತ್ರೆಗಳಲ್ಲಿ ದೂರು ಅಧಿಕಾರಿ ಇರಬೇಕು. ಆ ಅಧಿಕಾರಿ ಯಾರು, ಎಲ್ಲಿ ಕೂರುತ್ತಾರೆ ಎಂಬ ಬೋರ್ಡನ್ನು ನಾನು ಓಡಾಡಿದ ಆಸ್ಪತ್ರೆಗಳಲ್ಲಿ ಹುಡುಕಿದ್ದೇನೆ, ಕಂಡಿಲ್ಲ.

ಹಣದ ಬಗ್ಗೆ ಒಂದು ಎಚ್ಚರಿಕೆ. ಹೈದರಾಬಾದಿನಲ್ಲಿ 2021ರ ಜನವರಿಯಲ್ಲಿ ಶುರುವಾದ ಮಿತ್ರ್ ಕ್ಲಿನಿಕ್ಕಿನಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯದವರೇ ಸಿಬ್ಬಂದಿಯಾಗಿದ್ದರು; ಹಾರ್ಮೋನ್ ಸಲಹೆ, ಲೈಂಗಿಕ ಸೋಂಕಿನ ಚಿಕಿತ್ಸೆ, ಎಚ್‌ಐವಿ ಸೇವೆ ಎಲ್ಲವೂ ಒಂದೇ ಸೂರಿನಡಿ ಸಿಗುತ್ತಿದ್ದವು. ಹಾರ್ಮೋನಿಗೆಂದು ಬಂದವರು ರಕ್ತ ಪರೀಕ್ಷೆ ಮಾಡಿಸಿಕೊಂಡು ಹೋಗುವುದೇ ಆ ಮಾದರಿಯ ಜಾಣತನ. ಆದರೆ ಅದು ಅಮೆರಿಕದ ನೆರವಿನಲ್ಲಿ ನಡೆಯುತ್ತಿತ್ತು. 2025ರ ಆರಂಭದಲ್ಲಿ ಆ ನೆರವು ತಡೆಹಿಡಿಯಲ್ಪಟ್ಟಾಗ ಬಾಗಿಲು ಹಾಕಬೇಕಾಯಿತು. ಗೇಟ್ಸ್ ಪ್ರತಿಷ್ಠಾನದ ಎಚ್‌ಐವಿ ತಡೆ ಕಾರ್ಯಕ್ರಮವಾದ ಅವಾಹನ್ ಯೋಜನೆಯ ಕಾಲದಲ್ಲಿ ಹೊರಗಿನ ಹಣದಿಂದ ಕಟ್ಟಿದ ಕೆಲಸವನ್ನು ಸರ್ಕಾರದ ಕೈಗೆ ಒಪ್ಪಿಸಿಕೊಂಡ ಅನುಭವ ಕರ್ನಾಟಕಕ್ಕಿದೆ. ಈಗ ಕೇಳುತ್ತಿರುವುದನ್ನು ಮೊದಲಿನಿಂದಲೇ ರಾಜ್ಯದ ಬಜೆಟ್ಟಿನಲ್ಲಿ ಕಟ್ಟಿ. ಮುಖ್ಯವಾಗಿ ಸಮುದಾಯದ ಪೀರ್ ಎಜುಕೇಟರ್‌ಗಳಿಗೆ ಗೌರವಧನದ ಬದಲು ಸಂಬಳ ಬೇಕು. ರಾತ್ರಿ ಹನ್ನೊಂದಕ್ಕೆ ರೈಲ್ವೆ ಹಳಿ ದಾಟಿಹೋಗಿ ಕಾಂಡೋಮ್ ಕೊಡುವವರು, ಬೆಳಿಗ್ಗೆ ಹೆದರಿದವರ ಕೈ ಹಿಡಿದು ಕ್ಲಿನಿಕ್ಕಿಗೆ ಕರೆತರುವವರು ಅವರೇ. ಸರ್ಕಾರಿ ನೇಮಕಾತಿಯಲ್ಲಿ ಶೇ. 1ರ ಮೀಸಲಾತಿಯನ್ನು 2021ರಲ್ಲೇ ಕೊಟ್ಟ ರಾಜ್ಯ, ಸುರಕ್ಷಾ ಕ್ಲಿನಿಕ್ಕಿನ ಸಮಾಲೋಚಕರ ಹುದ್ದೆಗೆ ಅವರನ್ನು ನೇಮಿಸಲು ಹಿಂಜರಿಯಬೇಕಾಗಿಲ್ಲ.

ಇವುಗಳಲ್ಲಿ ಕಾರ್ಟ್ರಿಜ್, ಪ್ರೆಪ್ ಮತ್ತು ಸಂಬಳಕ್ಕೆ ಹಣಕಾಸು ಇಲಾಖೆಯ ಒಪ್ಪಿಗೆ ಬೇಕು, ಅದಕ್ಕೆ ಕಾಲ ಹಿಡಿಯುತ್ತದೆ ಎಂದು ಬಲ್ಲೆ. ಸಂಜೆ ಕ್ಲಿನಿಕ್, ಪೆನ್ಸಿಲಿನ್ ಸುತ್ತೋಲೆ, ಚಿಕಿತ್ಸೆಯ ಕಾರ್ಡ್, ದೂರು ಅಧಿಕಾರಿಯ ಬೋರ್ಡ್, ಈ ನಾಲ್ಕಕ್ಕೆ ನಿಮ್ಮ ಒಂದು ಆದೇಶ ಸಾಕು. ಮುಂದಿನ ತ್ರೈಮಾಸಿಕ ಪರಿಶೀಲನಾ ಸಭೆಯ ನಮೂನೆಯಲ್ಲಿ ಎಚ್‌ಐವಿ ಕಾಲಮ್ಮಿನ ಪಕ್ಕದಲ್ಲಿ ಇನ್ನೆರಡು ಕಾಲಂ ಸೇರಿಸಲು ಆದೇಶವೂ ಬೇಕಿಲ್ಲ: ಸಿಫಿಲಿಸ್ ಚಿಕಿತ್ಸೆ ಪೂರ್ಣಗೊಳಿಸಿದವರು ಎಷ್ಟು, ಲಕ್ಷಣವಿಲ್ಲದೆ ಪರೀಕ್ಷೆಗೆ ಒಳಗಾದವರು ಎಷ್ಟು. ನಿಮ್ಮ ಉತ್ತರವನ್ನು ಇದೇ ರೀತಿ ಬಹಿರಂಗವಾಗಿ, ಜಿಲ್ಲಾವಾರು ದಿನಾಂಕಗಳೊಂದಿಗೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಗೌರವಪೂರ್ವಕ ನಮಸ್ಕಾರಗಳೊಂದಿಗೆ,
ತಮ್ಮ ವಿಶ್ವಾಸಿ,
ಮಾಜಿ ಆಪ್ತ ಸಮಾಲೋಚಕಿ, ಉತ್ತರ ಕರ್ನಾಟಕ